ತುತ್ತೂರಿ, ಜೆಂಬೆ, ಪ್ಯಾಡ್: ‘ರೂಲರ್ ರೆಬೆಲ್’ ಆಲ್ಬಂ ಕೇಳುವ ಬಗೆ

1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿ ಒಂದು ಗ್ರಾಮಫೋನ್ ತಟ್ಟೆಗೆ ಧ್ವನಿಮುದ್ರಣ ಮಾಡಿತು. ಅದರ ಒಂದು ಮಗ್ಗುಲಲ್ಲಿದ್ದ ‘ಲಿವರಿ ಸ್ಟೇಬಲ್ ಬ್ಲೂಸ್’ನಲ್ಲಿ ಕ್ಲಾರಿನೆಟ್ ಹುಂಜದಂತೆ ಕೂಗುತ್ತದೆ, ಕಾರ್ನೆಟ್ ಕುದುರೆಯಂತೆ ಕೆನೆಯುತ್ತದೆ, ಟ್ರೊಂಬೋನ್ ಹಸುವಿನಂತೆ ಅಂಬಾ ಎನ್ನುತ್ತದೆ. ಜಾಝ್‌ನ ಮೊದಲ ಧ್ವನಿಮುದ್ರಿಕೆ ಎಂದು ಚರಿತ್ರೆ ಲೆಕ್ಕ ಹಿಡಿಯುವುದು ಇದನ್ನೇ. ನುಡಿಸಿದವರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡಿನ ಐವರು, ಐವರೂ ಬಿಳಿಯರು. ಆ ಸಂಗೀತವನ್ನು ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಕಟ್ಟಿ ಬೆಳೆಸಿದ ಕಪ್ಪು ಕಲಾವಿದರ ದನಿ ಆ ತಟ್ಟೆಯಲ್ಲಿಲ್ಲ. ಬಡ್ಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನಿಲ್ಲದೆ ಆ ಊರಿನ ಸಂಗೀತದ ಕತೆ ಶುರುವಾಗುವುದೇ ಇಲ್ಲ, ಆದರೆ ಅವನು ನುಡಿಸಿದ ಒಂದು ಸ್ವರವೂ ನಮ್ಮ ಕಿವಿಗೆ ಉಳಿದಿಲ್ಲ.

ನೂರು ವರ್ಷ ತುಂಬಿದ 2017ರಲ್ಲಿ, ಅದೇ ನ್ಯೂ ಆರ್ಲಿಯನ್ಸ್‌ನ ಟ್ರಂಪೆಟ್ ವಾದಕ ಕ್ರಿಶ್ಚಿಯನ್ ಸ್ಕಾಟ್ ಅಟುಂಡೆ ಅಜುವಾ ಒಂದರ ಹಿಂದೊಂದು ಮೂರು ಆಲ್ಬಂ ತಂದರು: ಮಾರ್ಚ್‌ನಲ್ಲಿ ‘ರೂಲರ್ ರೆಬೆಲ್’, ಜೂನ್‌ನಲ್ಲಿ ‘ಡಯಾಸ್ಪೊರಾ’, ಅಕ್ಟೋಬರ್‌ನಲ್ಲಿ ‘ದಿ ಇಮ್ಯಾನ್ಸಿಪೇಷನ್ ಪ್ರೊಕ್ರಾಸ್ಟಿನೇಷನ್’. ಮೂರಕ್ಕೂ ಸೇರಿ ‘ಸೆಂಟೆನಿಯಲ್ ಟ್ರಿಲಜಿ’ ಎಂದು ಹೆಸರು. ಮೊದಲನೆಯದು ಹೊರಬಿದ್ದದ್ದು ಮಾರ್ಚ್ 31ರಂದು, ಅವರಿಗೆ 34 ತುಂಬಿದ ದಿನ. ಜಾಝ್, ಹಿಪ್‌ಹಾಪ್, ಎಲೆಕ್ಟ್ರಾನಿಕ್ ಸಂಗೀತ ಮೂರನ್ನೂ ಬೆರೆಸಿದ ಆಲ್ಬಂ ಎಂದು ಇದನ್ನು ಪರಿಚಯಿಸುವುದು ವಾಡಿಕೆ. ಮಾತು ಸುಳ್ಳಲ್ಲ. ಆದರೆ ಚುರುಮುರಿಯಲ್ಲಿ ಮಂಡಕ್ಕಿ, ಈರುಳ್ಳಿ, ಖಾರದಪುಡಿ ಇದೆ ಎಂದ ಹಾಗಾಯಿತು. ಕಲೆಸಿದ್ದು ಹೇಗೆ ಎಂದು ತಿಳಿಯಲಿಲ್ಲ.

‘ರೂಲರ್ ರೆಬೆಲ್’ ವಿಷಯದಲ್ಲಿ ಕಲೆಸಿದ ಜಾಗವೇ ಮುಖ್ಯ. ಸಿದ್ಧವಾದ ಬೀಟ್ ತಂದು ಅದರ ಮೇಲೆ ಟ್ರಂಪೆಟ್ ಅಂಟಿಸಿಲ್ಲ. ತಳದಲ್ಲಿ, ಚರ್ಮವಾದ್ಯ ಬಾರಿಸುವ ಕೈಯಲ್ಲೇ ಹಳತೂ ಹೊಸತೂ ಕೂಡಿಕೊಂಡಿವೆ. ಇದು ಕಿವಿಗೆ ಬೀಳಬೇಕಾದರೆ ಮೊದಲು ಅಂಟಿಸಿದ್ದು ಹೇಗಿರುತ್ತದೆ ಎಂದು ಗೊತ್ತಿರಬೇಕು.

ಲೂಪ್ ಕೇಳಿಸಿಕೊಳ್ಳುವುದಿಲ್ಲ

ಜಾಝ್‌ನಲ್ಲಿ ಸೋಲೊ ಎಂದರೆ ಒಬ್ಬರ ಭಾಷಣವಲ್ಲ. ಟ್ರಂಪೆಟ್ ಒಂದು ಸ್ವರಗುಚ್ಛವನ್ನು ಅರ್ಧಕ್ಕೆ ಬಿಟ್ಟರೆ ಡ್ರಮ್ಸ್ ಅದನ್ನು ಮುಗಿಸುತ್ತದೆ. ಪಿಯಾನೊ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಕೂಟ) ಬದಲಿಸಿದರೆ ಸೋಲೊ ದಾರಿ ಬದಲಿಸುತ್ತದೆ. ತನಿ ಆವರ್ತನದಲ್ಲಿ ಮೃದಂಗಕ್ಕೂ ಘಟಕ್ಕೂ ನಡೆಯುವ ಕೊಡುಕೊಳೆ ಇಡೀ ಹಾಡಿನುದ್ದಕ್ಕೂ ಎಲ್ಲ ವಾದ್ಯಗಳ ನಡುವೆ ನಡೆಯುತ್ತಿದೆ ಎಂದು ಊಹಿಸಿಕೊಳ್ಳಿ.

ಹಿಪ್‌ಹಾಪ್‌ನ ಲೂಪ್ ಇದರ ತದ್ವಿರುದ್ಧ. ಎರಡೋ ನಾಲ್ಕೋ ಬಾರ್‌ಗಳ (ತಾಳದ ಆವರ್ತಗಳ) ತುಣುಕು ಸುತ್ತುತ್ತಲೇ ಇರುತ್ತದೆ, ಬದಲಾಗದಿರುವುದೇ ಅದರ ಗುಣ. ರ್‍ಯಾಪ್ ಮಾಡುವವರಿಗೆ ಅದೇ ಬೇಕು: ಮಾತು ಮೇಲೆ ಕೆಳಗೆ ಜಿಗಿಯಬೇಕಾದರೆ ಕಾಲ ಕೆಳಗಿನ ನೆಲ ಅಲುಗಬಾರದು. ಆ ನೆಲದ ಮೇಲೆ ಜಾಝ್ ಸೋಲೊ ಇಟ್ಟು ನೋಡಿ. ಎರಡನೇ ನಿಮಿಷಕ್ಕೆ ಸೋಲೊ ಕಾವೇರುತ್ತದೆ, ಬೀಟ್ ಏರುವುದಿಲ್ಲ. ವಾದಕ ಒಂದು ತಾಳ ಹಿಂದೆ ಸರಿದರೆ ಕೆಳಗೆ ಗಮನಿಸುವವರು ಯಾರೂ ಇಲ್ಲ. ಮೇಲೆ ಒಬ್ಬ ಮಾತಾಡುತ್ತಿದ್ದಾನೆ, ಕೆಳಗೆ ಗೋಡೆ ಗಡಿಯಾರ ಬಡಿಯುತ್ತಿದೆ ಎನಿಸತೊಡಗುತ್ತದೆ.

ಮೈಲ್ಸ್ ಡೇವಿಸ್ ಅವರ ಕೊನೆಯ ಸ್ಟುಡಿಯೊ ಆಲ್ಬಂ ‘ಡೂ-ಬಾಪ್’ನ ದೌರ್ಬಲ್ಯ ಇದೇ. ನಿರ್ಮಾಪಕ ಈಜಿ ಮೋ ಬೀ ಜೊತೆ ಅದನ್ನು ಮಾಡುತ್ತಿರುವಾಗಲೇ, 1991ರ ಸೆಪ್ಟೆಂಬರ್ 28ರಂದು ಮೈಲ್ಸ್ ತೀರಿಕೊಂಡರು. ಹಿಂದೆಂದೋ ಧ್ವನಿಮುದ್ರಿಸಿಟ್ಟಿದ್ದ ಅವರ ಟ್ರಂಪೆಟ್ ತುಣುಕುಗಳಿಗೆ ಬೀಟ್ ಕಟ್ಟಿ ಕೆಲವು ಹಾಡುಗಳನ್ನು ಪೂರ್ತಿ ಮಾಡಿ 1992ರಲ್ಲಿ ಬಿಡುಗಡೆ ಮಾಡಿದರು. ಟ್ರಂಪೆಟ್ ಚೆನ್ನಾಗಿದೆ, ಬೀಟೂ ಚೆನ್ನಾಗಿದೆ. ಒಂದಕ್ಕೊಂದು ಪರಿಚಯವಿಲ್ಲ, ಅಷ್ಟೆ.

ಮುಂದಿನ ಪೀಳಿಗೆ ಇದನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿತು. ಗಾಯಕ ಡಿಆಂಜೆಲೊ ಅವರ ‘ವೂಡೂ’ (2000) ಆಲ್ಬಂನಲ್ಲಿ ಟ್ರಂಪೆಟ್ ನುಡಿಸಿದ್ದ ರಾಯ್ ಹಾರ್ಗ್ರೋವ್, 2003ರಲ್ಲಿ ‘ಹಾರ್ಡ್ ಗ್ರೂವ್’ ಮಾಡಿದಾಗ ಲೂಪನ್ನು ಬದಿಗಿಟ್ಟು ಇಡೀ ತಂಡವನ್ನೇ ಲೂಪಿನಂತೆ ನುಡಿಸಿದರು. ನಾರ್ವೆಯ ನಿಲ್ಸ್ ಪೆಟರ್ ಮೊಲ್ವೇರ್ 1997ರ ‘ಖ್ಮೇರ್’ನಲ್ಲಿ ಎಲೆಕ್ಟ್ರಾನಿಕ್ ತಾಳವನ್ನು ಹವಾಮಾನದಂತೆ ಹಿಂದಿಟ್ಟು, ಮುಂದೆ ಟ್ರಂಪೆಟ್ಟನ್ನು ಒಂಟಿಯಾಗಿ ನಿಲ್ಲಿಸಿದರು. ಇವರಿಗಿಂತ ಹಿಂದಿನ ಇನ್ನೊಂದು ದಾರಿ ನಮ್ಮ ಮನೆ ಬಾಗಿಲವರೆಗೂ ಬರುತ್ತದೆ. ಅಮೆರಿಕದ ಜಾನ್ ಹ್ಯಾಸಲ್ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಬಳಿ ಹಾಡುವುದನ್ನು ಕಲಿತು, ಮೀಂಡನ್ನು, ಎಂದರೆ ಸ್ವರದಿಂದ ಸ್ವರಕ್ಕೆ ಜಾರುವ ಬಗೆಯನ್ನು, ಟ್ರಂಪೆಟ್ಟಿಗೆ ಇಳಿಸಲು ಹೊರಟವರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಂದ ಧಾರವಾಡ ಸೀಮೆಯ ಮನೆಮಾತಾದ ಅದೇ ಕಿರಾನಾ. 1980ರಲ್ಲಿ ಬ್ರಯಾನ್ ಈನೊ ಜೊತೆ ಹ್ಯಾಸಲ್ ಮಾಡಿದ ಧ್ವನಿಮುದ್ರಿಕೆಯಲ್ಲಿ ಟ್ರಂಪೆಟ್ ಹಾರ್ಮನೈಸರ್ ಯಂತ್ರದ ಮೂಲಕ ಹಾದು, ಇದು ಹಿತ್ತಾಳೆಯೋ ಗಂಟಲೋ ಎಂದು ಹೇಳಲಾಗದ ದನಿಯಾಗುತ್ತದೆ. ಈ ಗಂಟಲಿನ ವಿಷಯ ಅಜುವಾ ಅವರಲ್ಲೂ ಬರುತ್ತದೆ, ಆಮೇಲೆ ನೋಡೋಣ.

ತಕಿಟ ತಕಿಟ ತಕ

ಎಂಟು ಅಕ್ಷರವನ್ನು 3+3+2 ಎಂದು ಒಡೆದು ಹೇಳಿ: ತಕಿಟ ತಕಿಟ ತಕ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಚಪ್ಪಾಳೆ. ಕಾಲಿನಲ್ಲಿ 1, 3, 5, 7ಕ್ಕೆ ಸಮ ಹೆಜ್ಜೆ. ಒಂದರಲ್ಲೂ ಏಳರಲ್ಲೂ ಕೈಕಾಲು ಕೂಡಿ ಬೀಳುತ್ತವೆ. ನಾಲ್ಕರಲ್ಲಿ ಕೈ ಒಂಟಿ. ಆ ಒಂಟಿ ಪೆಟ್ಟೇ ಮೈಯನ್ನು ಮುಂದಕ್ಕೆ ನೂಕುವುದು. ಸಂಗೀತಶಾಸ್ತ್ರದವರು ಇದನ್ನು ಟ್ರೆಸಿಯೊ ಎನ್ನುತ್ತಾರೆ. ಪಶ್ಚಿಮ ಆಫ್ರಿಕದಿಂದ ಕ್ಯೂಬಾ, ಕ್ಯೂಬಾದಿಂದ ನ್ಯೂ ಆರ್ಲಿಯನ್ಸ್ ಎಲ್ಲೆಡೆ ಇದರ ಹೆಜ್ಜೆಗುರುತು ಇದೆ. ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ‘ಸ್ಪ್ಯಾನಿಷ್ ಛಾಯೆ’ ಇಲ್ಲದಿದ್ದರೆ ಜಾಝ್‌ಗೆ ಹದ ಬರುವುದಿಲ್ಲ ಎಂಬರ್ಥದ ಮಾತಾಡಿದ್ದು ಈ ಲಯವನ್ನೇ ಮನಸ್ಸಿನಲ್ಲಿಟ್ಟುಕೊಂಡು.

ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರು ಭಾನುವಾರಗಳಂದು ಡೋಲು ಬಾರಿಸಿ ಕುಣಿಯುತ್ತಿದ್ದ ಕಾಂಗೊ ಸ್ಕ್ವೇರ್ ಇದ್ದುದು ನ್ಯೂ ಆರ್ಲಿಯನ್ಸ್‌ನಲ್ಲಿ. ಶವಯಾತ್ರೆಗೆ ಬ್ರಾಸ್ ಬ್ಯಾಂಡ್ ಹೋಗುವುದೂ, ಮಣ್ಣು ಮಾಡಿ ಹಿಂದಿರುಗುವಾಗ ಅದೇ ಬ್ಯಾಂಡ್ ಕುಣಿತದ ಮಟ್ಟು ಹಿಡಿಯುವುದೂ, ಹಿಂದಿನಿಂದ ಕೊಡೆ ಬೀಸುತ್ತಾ ಜನ ಸೇರಿಕೊಳ್ಳುವುದೂ ಅಲ್ಲಿಯದೇ. ಆ ಹಿಂಬಾಲಿಸುವ ಸಾಲಿಗೆ ‘ಸೆಕೆಂಡ್ ಲೈನ್’ ಎಂದು ಹೆಸರು, ಅದರ ಲಯಕ್ಕೂ ಅದೇ ಹೆಸರು. ನಮ್ಮಲ್ಲಿ ಮದುವೆ ದಿಬ್ಬಣಕ್ಕೆ ಬರುವ ಬ್ಯಾಂಡ್‌ಸೆಟ್‌ನಲ್ಲೂ ಟ್ರಂಪೆಟ್ ಇದೆ. ಆದರೆ ಅದು ಸಿನಿಮಾ ಹಾಡನ್ನು ಇದ್ದಂತೆ ನುಡಿಸುತ್ತದೆ, ಅಲ್ಲಿಯದು ಹಾಡನ್ನು ಬೀದಿಯಲ್ಲೇ ಬಿಚ್ಚಿ ಕಟ್ಟುತ್ತದೆ.

ಇದರ ಜೊತೆಗೆ ಮಾರ್ಡಿ ಗ್ರಾ ಹಬ್ಬದಲ್ಲಿ ಮಣಿ, ಗರಿಗಳ ಭಾರೀ ಉಡುಪು ತೊಟ್ಟು ಬೀದಿಗಿಳಿಯುವ ಕಪ್ಪು ಇಂಡಿಯನ್ (ಇಲ್ಲಿ ಇಂಡಿಯನ್ ಎಂದರೆ ಅಮೆರಿಕದ ಮೂಲನಿವಾಸಿ) ತಂಡಗಳಿವೆ. ಉಡುಪನ್ನು ವರ್ಷವಿಡೀ ಕೂತು ಕೈಯಲ್ಲೇ ಹೊಲಿಯುತ್ತಾರೆ. ವಾದ್ಯ ಎಂದರೆ ಕಂಜಿರದಂಥ ಟ್ಯಾಂಬರೀನ್, ಕೈಗೆ ಸಿಕ್ಕ ಡೋಲು, ಒಬ್ಬ ಹೇಳಿದ್ದಕ್ಕೆ ಗುಂಪು ಉತ್ತರಿಸುವ ಹಾಡು. ಅಜುವಾ ಅವರ ತಾತ ಡೊನಾಲ್ಡ್ ಹ್ಯಾರಿಸನ್ ಸೀನಿಯರ್ ಇಂಥ ತಂಡದ ಮುಖ್ಯಸ್ಥರಾಗಿದ್ದರು, ‘ಬಿಗ್ ಚೀಫ್’. ಸೋದರಮಾವ ಡೊನಾಲ್ಡ್ ಹ್ಯಾರಿಸನ್ ಜೂನಿಯರ್ ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿ ಅವರ ತಂಡದಲ್ಲಿ ನುಡಿಸಿದ ಆಲ್ಟೊ ಸ್ಯಾಕ್ಸೊಫೋನ್ ವಾದಕ. ಎಂದರೆ ಬೀದಿಯ ಡೋಲು, ವೇದಿಕೆಯ ಜಾಝ್ ಎರಡೂ ಮನೆಯೊಳಗೇ ಇದ್ದವು. ಬೆಳೆಯುವ ವಯಸ್ಸಿನಲ್ಲಿ ಊರಿನ ಹಿಪ್‌ಹಾಪ್ ಆದ ‘ಬೌನ್ಸ್’ ಕೂಡ ಸುತ್ತ ಇತ್ತು. ನ್ಯೂಯಾರ್ಕಿನ ಶೋಬಾಯ್ಸ್ ಜೋಡಿಯ 1986ರ ‘ಡ್ರ್ಯಾಗ್ ರ್‍ಯಾಪ್’ನಿಂದ ಕಿತ್ತುಕೊಂಡ ಬೀಟ್ ಮೇಲೆ ನ್ಯೂ ಆರ್ಲಿಯನ್ಸ್‌ನವರು ತಮ್ಮ ಬೀದಿಯ ಕೂಗು-ಉತ್ತರವನ್ನು ಕೂರಿಸಿದ್ದೇ ಬೌನ್ಸ್.

ಈಗ ಟ್ರ್ಯಾಪ್. ಅಟ್ಲಾಂಟಾದಿಂದ ಹೊರಟು ಲೋಕವೆಲ್ಲ ಹರಡಿದ ಈ ಬಗೆಯ ಹಿಪ್‌ಹಾಪ್ ಬೀಟಿಗೆ ಮೂರು ಅಂಗ. ರೋಲಂಡ್ ಕಂಪನಿ 1980ರಿಂದ 1983ರವರೆಗೆ ಮಾತ್ರ ತಯಾರಿಸಿದ ಟಿಆರ್-808 ಯಂತ್ರದ ಉದ್ದನೆಯ ಬಾಸ್ ಡ್ರಮ್. ಮೂರನೇ ಬೀಟಿಗೆ ಬೀಳುವ ಚಪ್ಪಾಳೆ ಅಥವಾ ಸ್ನೇರ್ ಡ್ರಮ್ಮಿನ ಪೆಟ್ಟು. ಇವೆರಡರ ಮೇಲೆ ಚಿಟಿಚಿಟಿ ಎನ್ನುತ್ತಾ ವೇಗ ಬದಲಿಸುವ ಹೈ-ಹ್ಯಾಟ್, ಎಂದರೆ ಜೋಡಿ ಸಿಂಬಲ್ ತಟ್ಟೆಯ ದನಿ. ಲೆಕ್ಕ ಹೀಗೆ: ವೇಗ ನಿಮಿಷಕ್ಕೆ 140 ಎಂದಿಟ್ಟುಕೊಂಡರೆ ಒಂದು ಬೀಟ್ 429 ಮಿಲಿಸೆಕೆಂಡ್. ಸ್ನೇರ್ ನಾಲ್ಕರಲ್ಲಿ ಒಮ್ಮೆ ಮಾತ್ರ ಬೀಳುವುದರಿಂದ ಮೈಗೆ ಅದು 70ರ ವೇಗದಂತೆ, ಆರಾಮವಾಗಿ ಕಾಣುತ್ತದೆ. ಹೈ-ಹ್ಯಾಟ್ ಬೀಟಿಗೆ ನಾಲ್ಕು ಬಿದ್ದರೆ 107 ಮಿಲಿಸೆಕೆಂಡಿಗೊಂದು, ಆರು ಬಿದ್ದರೆ 71ಕ್ಕೊಂದು, ಎಂಟು ಬಿದ್ದರೆ 54ಕ್ಕೊಂದು. ಹದಿನಾರು ತುರುಕಿದರೆ ಸುಮಾರು 27ಕ್ಕೊಂದು, ಎಂದರೆ ಸೆಕೆಂಡಿಗೆ 37 ಪೆಟ್ಟು. ಅಷ್ಟು ಹೊತ್ತಿಗೆ ಕಿವಿ ಪೆಟ್ಟುಗಳನ್ನು ಬಿಡಿಯಾಗಿ ಎಣಿಸುವುದನ್ನು ಬಿಟ್ಟು ಅದನ್ನೊಂದು ಗುಂಯ್‌ಗುಡುವ ಸ್ವರವಾಗಿ ಕೇಳತೊಡಗುತ್ತದೆ. ಟ್ರ್ಯಾಪ್‌ನಲ್ಲಿ ಹೈ-ಹ್ಯಾಟ್ ಕೆಲವೊಮ್ಮೆ ಜೀರುಂಡೆಯಂತೆ ಕೇಳುವುದು ಅದಕ್ಕೇ.

ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದು ಹೊಸದಲ್ಲ. ತಾಳ ಅದೇ, ನಡೆ ಮಾತ್ರ ಚತುರಶ್ರದಿಂದ ತ್ರಿಶ್ರಕ್ಕೆ ಹೊರಳಿ ಮತ್ತೆ ಹಿಂದಿರುಗುತ್ತದೆ. ಕಾಲ ಒಂದರಿಂದ ಎರಡಕ್ಕೆ, ಮೂರಕ್ಕೆ ಏರುತ್ತದೆ. ಪಶ್ಚಿಮ ಆಫ್ರಿಕದ ಕೈಡೋಲಾದ ಜೆಂಬೆಯ ಸಂಪ್ರದಾಯದಲ್ಲೂ ನಾಲ್ಕರ ನಡೆ, ಮೂರರ ನಡೆಗಳ ನಡುವೆ ಬೇಲಿ ಇಲ್ಲ. ಟ್ರ್ಯಾಪ್ ಬೀಟನ್ನು ಪಶ್ಚಿಮ ಆಫ್ರಿಕದ ಡೋಲು ಮೇಳದ ಪಕ್ಕ ಇಟ್ಟರೆ ಕೆಲಸದ ಹಂಚಿಕೆಯೂ ಹೊಂದುತ್ತದೆ. 808ರ ಬಾಸ್ ಮಾಡುವ ಕೆಲಸ ಅಲ್ಲಿ ದುನುನ್ಬ ಎಂಬ ದೊಡ್ಡ ಡೋಲಿನದ್ದು; ಸ್ನೇರಿನ ಕೆಲಸ ಜೆಂಬೆಯ ಚಾಟಿ ಪೆಟ್ಟಿನದ್ದು; ಹೈ-ಹ್ಯಾಟಿನ ಕೆಲಸ ಚಿಕ್ಕ ಡೋಲಿನದ್ದು, ಗಂಟೆಯದ್ದು. ‘ರೂಲರ್ ರೆಬೆಲ್’ ನಿಂತಿರುವುದು ಈ ಹೊಂದಾಣಿಕೆಯ ಮೇಲೆ.

ಯಾರ ಕೈಯಲ್ಲಿ ಏನು

ಡ್ರಮ್ಸ್‌ನಲ್ಲಿ ಕೋರಿ ಫಾನ್‌ವಿಲ್. ‘ಪ್ಯಾನ್-ಆಫ್ರಿಕನ್’ ಡ್ರಮ್ಸ್ ಎಂದು ಕರೆದ ಜೋಡಣೆಯಲ್ಲಿ ಜೋ ಡೈಸನ್ ಜೂನಿಯರ್. ಜೆಂಬೆ, ಬಾಟಾ, ಕಾಂಗಾದಲ್ಲಿ ವೀಡಿ ಬ್ರೈಮಾ. ದುನುನ್ಬ, ಸಂಗ್ಬನ್, ಕೆನ್ಕೆನಿಯಲ್ಲಿ ಚೀಫ್ ಶಾಕಾ ಶಾಕಾ. ಈ ಕೊನೆಯ ಮೂರು ಒಂದೇ ಮನೆತನದ ಡೋಲುಗಳು: ದುನುನ್ಬ ದೊಡ್ಡದು, ಸಂಗ್ಬನ್ ನಡುವಿನದು, ಕೆನ್ಕೆನಿ ಚಿಕ್ಕದು. ಕೋಲಿನಿಂದ ಬಾರಿಸುತ್ತಾರೆ. ಜೆಂಬೆ ಬರಿಗೈ ವಾದ್ಯ; ನಡುವೆ ಹೊಡೆದರೆ ಗುಮ್ಮೆನ್ನುವ ಬಾಸ್, ಅಂಚಿನಲ್ಲಿ ಬೆರಳು ಕೂಡಿಸಿ ಹೊಡೆದರೆ ದುಂಡು ನಾದ, ಬೆರಳು ಸಡಿಲಿಸಿ ಚಿಮ್ಮಿದರೆ ಚಾಟಿಯಂಥ ಸ್ಲ್ಯಾಪ್.

ಲಯಕ್ಕೇ ನಾಲ್ವರು. ಉಳಿದಂತೆ ಪಿಯಾನೊ ಮತ್ತು ರೋಡ್ಸ್ ಎಂಬ ವಿದ್ಯುತ್ ಪಿಯಾನೊದಲ್ಲಿ ಲಾರೆನ್ಸ್ ಫೀಲ್ಡ್ಸ್, ಗಿಟಾರ್‌ನಲ್ಲಿ ಕ್ಲಿಫ್ ಹೈನ್ಸ್, ಕೊಳಲಲ್ಲಿ ಎಲೆನಾ ಪಿಂಡರ್‌ಹ್ಯೂಸ್. ಬಾಸ್ ನುಡಿಸಿದವರು ಹಾಡಿನಿಂದ ಹಾಡಿಗೆ ಬೇರೆ.

ಇಲ್ಲಿ ಗಮನಿಸಬೇಕಾದದ್ದು ರೋಲಂಡ್‌ನ ಎಸ್‌ಪಿಡಿ-ಎಸ್‌ಎಕ್ಸ್ ಎಂಬ ಸ್ಯಾಂಪಲಿಂಗ್ ಪ್ಯಾಡ್. ಊಟದ ತಟ್ಟೆಗಿಂತ ತುಸು ದೊಡ್ಡದಾದ ಪೆಟ್ಟಿಗೆ, ಮೇಲೆ ಒಂಬತ್ತು ರಬ್ಬರ್ ಮೈ. ಒಂದೊಂದಕ್ಕೂ ಒಂದೊಂದು ಧ್ವನಿತುಣುಕು ತುಂಬಿ ಡ್ರಮ್ ಕೋಲಿನಿಂದ ಬಾರಿಸಬಹುದು. 808ರ ಬಾಸ್, ಚಪ್ಪಾಳೆ, ಹೈ-ಹ್ಯಾಟ್ ಎಲ್ಲ ಕಂಪ್ಯೂಟರಿನೊಳಗೆ ತಾವಾಗಿ ಸುತ್ತುವ ಬದಲು ಪ್ಯಾಡಿನ ಮೇಲೆ ಕುಳಿತಿದ್ದರೆ, ಯಾವ ಪೆಟ್ಟು ಯಾವಾಗ ಬೀಳಬೇಕು ಎಂದು ತೀರ್ಮಾನಿಸುವುದು ಮನುಷ್ಯನ ಮಣಿಕಟ್ಟು. ಟ್ರಂಪೆಟ್ ಹಿಂದೆ ಸರಿದರೆ ಪೆಟ್ಟನ್ನು ಹಿಂದೆ ಸರಿಸಬಹುದು, ಕೊಳಲು ಬಂದಾಗ ಬಾಸನ್ನು ತಡೆಯಬಹುದು, ಜೆಂಬೆ ತ್ರಿಶ್ರಕ್ಕೆ ಹೊರಳಿದ ಕೂಡಲೇ ಹೈ-ಹ್ಯಾಟನ್ನೂ ಹೊರಳಿಸಬಹುದು. ಯಂತ್ರದ ದನಿ, ಆದರೆ ಕೇಳಿಸಿಕೊಳ್ಳುವ ಯಂತ್ರ. ಲೂಪಿನ ಸಮಸ್ಯೆಗೆ ಈ ತಂಡದ ಉತ್ತರ ಇದು.

ಇದನ್ನು ತಮ್ಮ ತಂಡದಲ್ಲಿ ಮಾಡಿನೋಡುವವರು ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ. ಬಾಸ್ ತುಣುಕು ಒಂದೂವರೆ ಸೆಕೆಂಡ್ ಉದ್ದವಿದ್ದು, ಅದು ಮುಗಿಯುವ ಮೊದಲೇ ಮತ್ತೆ ಬಾರಿಸಿದರೆ ಎರಡು ಬಾಸ್ ಒಂದರ ಮೇಲೊಂದು ಬಿದ್ದು ಊದಿಕೊಳ್ಳುತ್ತದೆ. ಪ್ಯಾಡನ್ನು ಮೊನೊ ಸ್ಥಿತಿಗೆ ಹಾಕಿ ಹೊಸ ಪೆಟ್ಟು ಹಳೆಯದನ್ನು ಕತ್ತರಿಸುವಂತೆ ಮಾಡಬೇಕು. ತೆರೆದ ಹೈ-ಹ್ಯಾಟ್ ಮೊಳಗುತ್ತಿರುವಾಗ ಮುಚ್ಚಿದ ಹೈ-ಹ್ಯಾಟ್ ಬಾರಿಸಿದರೆ ಮೊದಲನೆಯದು ನಿಲ್ಲಬೇಕು, ನಿಜವಾದ ಸಿಂಬಲ್ ಹಾಗೇ ಅಲ್ಲವೇ. ಎರಡನ್ನೂ ಒಂದೇ ಮ್ಯೂಟ್ ಗುಂಪಿಗೆ ಸೇರಿಸದಿದ್ದರೆ ಎರಡೂ ಒಟ್ಟಿಗೆ ಕೇಳಿ ಸುಳ್ಳು ಬಯಲಾಗುತ್ತದೆ. ಪೆಟ್ಟಿನ ಬಲಕ್ಕೆ ತಕ್ಕಂತೆ ಸದ್ದು ಏರಿಳಿಯದಂತೆ ಇಟ್ಟಿದ್ದರಂತೂ ಪಕ್ಕದ ಜೆಂಬೆ ಉಸಿರಾಡುವಾಗ ಪ್ಯಾಡ್ ಮೊಳೆ ಹೊಡೆದಂತೆ ಕೇಳುತ್ತದೆ. ಬಹಳ ಜನ ಇದನ್ನು ಕೊನೆಗೆ ಕಂಡುಕೊಳ್ಳುತ್ತಾರೆ, ಅಷ್ಟರಲ್ಲಿ ತಪ್ಪು ಡ್ರಮ್ಮರನದ್ದು ಎಂದು ಜಗಳವೂ ಆಗಿರುತ್ತದೆ.

ಉಸಿರಿನ ಟ್ರಂಪೆಟ್

ಬಿ-ಫ್ಲ್ಯಾಟ್ ಟ್ರಂಪೆಟ್ಟಿನ ಕೊಳವೆ ಬಿಚ್ಚಿ ಹಾಸಿದರೆ ಸುಮಾರು ಒಂದೂವರೆ ಮೀಟರ್. ವಾದಕ ಊದುವುದು ಗಾಳಿಯನ್ನಷ್ಟೇ ಅಲ್ಲ. ತುಟಿಗಳು ಬಿಗಿಯಾಗಿ ಕಂಪಿಸಿದಾಗ ಹುಟ್ಟುವ ಝೇಂಕಾರ ಕೊಳವೆಯಲ್ಲಿ ಸ್ವರವಾಗುತ್ತದೆ. ಎರಡನೇ ವಾಲ್ವ್ ಒತ್ತಿದರೆ ಸ್ವರ ಅರ್ಧ ಮನೆ ಇಳಿಯುತ್ತದೆ, ಮೊದಲನೆಯದು ಒಂದು ಮನೆ, ಮೂರನೆಯದು ಒಂದೂವರೆ. ಮಾಮೂಲಿ ಶಿಕ್ಷಣದಲ್ಲಿ ತುಟಿಯ ಝೇಂಕಾರ ಶುದ್ಧವಾಗಿರಬೇಕು, ಗಾಳಿ ಸೋರಬಾರದು. ಸೋರಿದರೆ ಮೇಷ್ಟ್ರು ಬೈಯುತ್ತಾರೆ.

ಅಜುವಾ ಆ ಸೋರಿಕೆಯನ್ನೇ ಪಳಗಿಸಿದರು. ತುಟಿಯ ಕಂಪನಕ್ಕಿಂತ ಉಸಿರಿನ ಪಾಲು ಹೆಚ್ಚಿರುವ ಇದನ್ನು ಅವರ ‘ಪಿಸುಮಾತಿನ ತಂತ್ರ’ ಎಂದು ಕರೆಯುತ್ತಾರೆ. ತಾಯಿ ಹಾಡುವಾಗಿನ ದನಿಯ ಬಣ್ಣವನ್ನು ಟ್ರಂಪೆಟ್ಟಿಗೆ ತರಲು ಹೋಗಿ ಹುಟ್ಟಿದ್ದು ಇದು ಎಂದು ಅವರೇ ಹೇಳಿಕೊಂಡಿದ್ದಾರೆ. ಸ್ವರ ಶುರುವಾಗುವ ಮೊದಲು ಒಂದು ಹ್ ಕೇಳಿಸುತ್ತದೆ, ಮುಗಿದ ಮೇಲೂ ಉಸಿರು ಒಂದು ಕ್ಷಣ ಉಳಿಯುತ್ತದೆ. ಹಾಗೆಂದು ಅವರು ಎಲ್ಲ ಹೊತ್ತೂ ಪಿಸುಗುಡುವುದಿಲ್ಲ. ಮೇಲಿನ ಸ್ಥಾಯಿಯಲ್ಲಿ ಕಿರುಚುವಷ್ಟು ಬಲವೂ ಇದೆ, ಆ ಎರಡರ ನಡುವಿನ ಅಂತರವೇ ಅವರ ನಾಟಕ.

ಈ ಉಸಿರಿಗೆ ಮಿಶ್ರಣದಲ್ಲೂ ಒಂದು ಉಪಯೋಗವಿದೆ. ಕೊಳಲಿನ ಕೆಳಗಿನ ಸ್ಥಾಯಿ ಬಹಳ ಮೆದು. ಮಾಮೂಲಿ ಟ್ರಂಪೆಟ್ ಅದೇ ಸ್ವರ ಹಿಡಿದರೆ ಕೊಳಲು ಮುಳುಗಿಹೋಗುತ್ತದೆ. ಹಾಗಾಗಿ ಟ್ರಂಪೆಟ್ ಜೊತೆಗೆ ಸ್ಯಾಕ್ಸೊಫೋನ್ ನಿಲ್ಲಿಸುವುದೇ ಜಾಝ್‌ನ ರೂಢಿ. ಟ್ರಂಪೆಟ್ಟಿನ ಸ್ವರದಲ್ಲೇ ಗಾಳಿ ಬೆರೆತಿದ್ದರೆ ಕೊಳಲಿನ ಗಾಳಿಯ ಜೊತೆ ಅದು ಹೆಣೆದುಕೊಳ್ಳುತ್ತದೆ. ಪಿಂಡರ್‌ಹ್ಯೂಸ್ ಜೊತೆಯ ಸಮಸ್ವರಗಳಲ್ಲಿ ಎರಡು ವಾದ್ಯ ಎಲ್ಲಿ ಬೇರೆಯಾಗುತ್ತವೆ ಎಂದು ಗುರುತಿಸುವುದು ಕಷ್ಟವಾಗುವುದು ಇದರಿಂದ.

ವಾದ್ಯಗಳೂ ಅಂಗಡಿಯಿಂದ ತಂದವಲ್ಲ. ನೆದರ್ಲೆಂಡ್ಸ್‌ನ ಆಡಮ್ಸ್ ಕಂಪನಿ ಅವರ ಕಲ್ಪನೆಗೆ ತಕ್ಕಂತೆ ಮಾಡಿಕೊಟ್ಟ ಸೈರನ್, ಸೈರನೆಟ್, ರಿವರ್ಸ್ ಫ್ಲೂಗಲ್‌ಹಾರ್ನ್ ಎಂಬ ಹೆಸರಿನವು. ಬಾಯಿ ಮೇಲಕ್ಕೆ ಓರೆಯಾಗಿರುತ್ತದೆ. ಡಿಝಿ ಗಿಲೆಸ್ಪಿಯ ಟ್ರಂಪೆಟ್ 1953ರಲ್ಲಿ ಆಕಸ್ಮಿಕವಾಗಿ ಬಾಗಿ, ಆ ದನಿ ಹಿಡಿಸಿ ಅವರು ಹಾಗೆಯೇ ಮಾಡಿಸಿಕೊಂಡದ್ದು ಬೇರೆ ಕತೆ. ಕೊಳವೆ ಉದ್ದಕ್ಕೂ ಒಂದೇ ಅಳತೆಯಿದ್ದಷ್ಟೂ ದನಿ ಮೊನಚು, ಶಂಖದಂತೆ ಅಗಲವಾಗುತ್ತಾ ಹೋದಷ್ಟೂ ಮೆತ್ತಗೆ. ಟ್ರಂಪೆಟ್ ಮೊದಲ ಜಾತಿ, ಫ್ಲೂಗಲ್‌ಹಾರ್ನ್ ಎರಡನೆಯದು, ಈ ಹೊಸ ವಾದ್ಯಗಳು ನಡುವೆ ಎಲ್ಲೋ ನಿಲ್ಲುತ್ತವೆ.

ಪಿಸುದನಿಯನ್ನು ಧ್ವನಿಮುದ್ರಿಸುವುದು ಸುಲಭವಲ್ಲ. ಉಸಿರು ಹಿಡಿಯಬೇಕಾದರೆ ಮೈಕ್ ಒಂದು ಗೇಣಿನೊಳಗೆ ಬರಬೇಕು. ಅಷ್ಟು ಹತ್ತಿರ ಅದೇ ವಾದ್ಯ ಮುಂದಿನ ಕ್ಷಣ ಕಿರುಚಿದರೆ ಮೈಕ್‌ನ ಮುಂದಿನ ಆಂಪ್ಲಿಫೈಯರ್ ಹರಿದುಹೋದಂತೆ ಕರಕರ ಎನ್ನುತ್ತದೆ. ಗೇನ್ ಜೋರು ದನಿಗೆ ತಕ್ಕಂತೆ ಕಡಿಮೆ ಇಟ್ಟು, ಪಿಸುದನಿಯನ್ನು ಆಮೇಲೆ ಕೈಯಿಂದ ಏರಿಸುವುದು ಸುರಕ್ಷಿತ ದಾರಿ. ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಒಂದರ ಮೇಲೇ ಹೊರೆ ಹಾಕಿದರೆ ಸ್ವರಗಳ ನಡುವಿನ ಉಸಿರು, ಬೆರಳಿನ ಕಟಕಟ, ತುಟಿಯ ಎಂಜಲ ಸದ್ದು ಎಲ್ಲ ಟ್ರಂಪೆಟ್‌ನಷ್ಟೇ ದೊಡ್ಡದಾಗಿ ಎದ್ದುನಿಲ್ಲುತ್ತವೆ.

ಶ್ರುತಿ ಇನ್ನೊಂದು ತಲೆನೋವು. ಸ್ಯಾಂಪಲ್‌ಗಳು 440 ಹರ್ಟ್ಸ್‌ಗೆ ಕಟ್ಟಿಹಾಕಿದಂಥವು, ಅಲುಗುವುದಿಲ್ಲ. ಹಿತ್ತಾಳೆ ವಾದ್ಯದೊಳಗಿನ ಗಾಳಿ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು 3 ಸೆಂಟ್ ಶ್ರುತಿ ಏರುತ್ತದೆ. ಅರ್ಧ ಮನೆಗೆ 100 ಸೆಂಟ್. ಎಂದರೆ ವಾದ್ಯ 10 ಡಿಗ್ರಿ ಬೆಚ್ಚಗಾದರೆ ಅರ್ಧ ಮನೆಯಲ್ಲಿ ಮೂರನೇ ಒಂದು ಪಾಲಿನಷ್ಟು ತಪ್ಪು. ಮನುಷ್ಯರ ತಂಡದಲ್ಲಿ ಎಲ್ಲರೂ ತುಸು ಸರಿದುಕೊಂಡು ಹೊಂದುತ್ತಾರೆ. ಸ್ಯಾಂಪಲ್ ಹೊಂದುವುದಿಲ್ಲ. ಟೇಕ್‌ಗೆ ಮೊದಲು ವಾದ್ಯವನ್ನು ಊದಿ ಬೆಚ್ಚಗೆ ಮಾಡಿ, ಟ್ಯೂನಿಂಗ್ ಸ್ಲೈಡ್ ಆಮೇಲೆ ಸರಿಪಡಿಸುವುದು ಇದಕ್ಕಾಗಿ.

ಕೆಳಗಿನ ನೂಕುನುಗ್ಗಲು

ಟ್ರಂಪೆಟ್ಟಿನ ಮಾಮೂಲಿ ಕೆಳಗಿನ ಸ್ವರ 165 ಹರ್ಟ್ಸ್. ಅದರ ಕೆಳಗೆ ಅದಕ್ಕೆ ಕೆಲಸವಿಲ್ಲ. ಜಗಳವೆಲ್ಲ ಅದರ ಕೆಳಗೇ. ಡಬಲ್ ಬಾಸ್‌ನ ಬಿಡಿ ತಂತಿ 41 ಹರ್ಟ್ಸ್‌ನಿಂದ ಶುರು. 808ರ ಗುಮ್ಮು ಸಾಮಾನ್ಯವಾಗಿ 40ರಿಂದ 60ರೊಳಗೆ. ದುನುನ್ಬವೂ ಅಲ್ಲೇ ಮೇಲೆ ಕೂರುತ್ತದೆ. ಮೂರನ್ನೂ ಇದ್ದಂತೆ ಬಿಟ್ಟರೆ ಕೇಳುವುದು ಬಾಸ್ ಅಲ್ಲ, ಕೆಸರು. ಜಾಝ್-ಹಿಪ್‌ಹಾಪ್ ಪ್ರಯೋಗಗಳಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ ಎಂದು ಧೈರ್ಯವಾಗಿ ಹೇಳಬಹುದು.

ಬಿಡಿಸುವ ಕ್ರಮ: ಮೊದಲು 808ರ ತುಣುಕನ್ನು ಹಾಡಿನ ಶ್ರುತಿಗೆ ತರಬೇಕು, ಏಕೆಂದರೆ ಅದು ಡೋಲಿನ ವೇಷದಲ್ಲಿರುವ ಸ್ವರ. ಆಮೇಲೆ ಯಾರು ಯಾವಾಗ ಎಂದು ಹಂಚಬೇಕು. 808 ಉದ್ದಕ್ಕೆ ಮೊಳಗುವ ಕಡೆ ಡಬಲ್ ಬಾಸ್ ಮೇಲಿನ ಸ್ಥಾಯಿಗೆ ಹೋಗಬಹುದು ಅಥವಾ ಸುಮ್ಮನಿರಬಹುದು. ನುಡಿಸುವ ಹಂತದಲ್ಲೇ ಹಂಚಿಕೊಂಡರೆ ಮಿಕ್ಸಿಂಗ್‌ನಲ್ಲಿ ಒದ್ದಾಡಬೇಕಿಲ್ಲ. ಅದೂ ಸಾಲದಿದ್ದರೆ ಬಾಸ್ ಡ್ರಮ್ ಬಿದ್ದ ಕ್ಷಣಕ್ಕೆ ಬಾಸನ್ನು ಒಂದೆರಡು ಡೆಸಿಬೆಲ್ ತಗ್ಗಿಸುವ ಸೈಡ್‌ಚೈನ್. ನೃತ್ಯಸಂಗೀತದಲ್ಲಿ ಮಾಡುವಂತೆ ಜೋರಾಗಿ ತಗ್ಗಿಸಿದರೆ ಇಡೀ ತಂಡ ಹಿಗ್ಗಿ ಕುಗ್ಗುತ್ತಿರುವಂತೆ ಕೇಳಿ ಡೋಲಿನ ನೈಜತೆ ಹೋಗುತ್ತದೆ.

ಪ್ರತಿಧ್ವನಿಯ ಲೆಕ್ಕವೂ ಇದೆ. ಡಿಲೇ ತಾಳಕ್ಕೆ ಕೂರಬೇಕಾದರೆ 60,000ವನ್ನು ವೇಗದಿಂದ ಭಾಗಿಸಿ. 70ರ ವೇಗಕ್ಕೆ ಒಂದು ಬೀಟ್ 857 ಮಿಲಿಸೆಕೆಂಡ್. ಅದರ ಮುಕ್ಕಾಲು, 643, ಟ್ರಂಪೆಟ್ಟಿಗೆ ಹಾಕಿದರೆ ಉತ್ತರ ಬೀಟಿನ ಮೇಲೆ ಬೀಳದೆ ಸಂದಿಯಲ್ಲಿ ಬಿದ್ದು ತಕಿಟದಂಥದೇ ಎಳೆತ ಹುಟ್ಟುತ್ತದೆ. ತಂಡ ಕಿವಿಯಲ್ಲಿ ತಾಳ ಹಾಕುವ ಕ್ಲಿಕ್ ಇಲ್ಲದೆ ನುಡಿಸುತ್ತಿದ್ದರೆ ಈ ಲೆಕ್ಕ ನಾಲ್ಕನೇ ಆವರ್ತಕ್ಕೆ ಜಾರಲು ಶುರು, ಆಗ ಕಾಲಿನಿಂದ ವೇಗ ತಟ್ಟಿ ತಿದ್ದುವ ಪೆಡಲ್ ಬೇಕಾಗುತ್ತದೆ.

ಕೇಳುವಾಗ

ಫೋನಿನ ಸ್ಪೀಕರಿನಲ್ಲಿ ಈ ಆಲ್ಬಂ ಕೇಳಬೇಡಿ. ಅದರಲ್ಲಿ ಕೆಳಗಿನ ಒಂದೆರಡು ಸ್ಥಾಯಿಯೇ ಬರುವುದಿಲ್ಲ. ದುನುನ್ಬ, 808 ಎರಡೂ ಮಾಯವಾಗಿ ಉಳಿಯುವುದು ಟ್ರಂಪೆಟ್ ಮತ್ತು ಚಿಟಿಚಿಟಿ. ಆಗ ಇದೊಂದು ತೆಳು ಸಂಗೀತ ಎನಿಸಿದರೆ ಅದು ಫೋನಿನ ತಪ್ಪು. ಸಾಧಾರಣ ಹೆಡ್‌ಫೋನ್ ಸಾಕು.

ಎಂಟು ತುಣುಕುಗಳಿವೆ. ಹೊಸಬರು ಶೀರ್ಷಿಕೆ ಹಾಡಿನಿಂದಲೇ ಶುರುಮಾಡಬೇಕೆಂದೇನಿಲ್ಲ. ಎರಡನೆಯದಾದ ‘ನ್ಯೂ ಆರ್ಲಿಯನಿಯನ್ ಲವ್ ಸಾಂಗ್’ ಮತ್ತು ಅದರ ಬೆನ್ನಿಗೇ ಬರುವ ಅದೇ ಹಾಡಿನ ರೀಮಿಕ್ಸ್ ಒಟ್ಟಿಗೆ ಕೇಳುವುದು ಒಳ್ಳೆಯ ಪಾಠ. ಒಂದೇ ವಸ್ತು ಎರಡು ಬಗೆಯಲ್ಲಿದೆ. ಮೊದಲ ಸಲ ಟ್ರಂಪೆಟ್ ಬಿಟ್ಟು ಡೋಲುಗಳನ್ನೇ ಹಿಂಬಾಲಿಸಿ: ಯಾವ ಪೆಟ್ಟು ಚರ್ಮದ್ದು, ಯಾವುದು ಪ್ಯಾಡಿನದ್ದು ಎಂದು ಬೇರ್ಪಡಿಸಿ ನೋಡಿ. ಒಂದು ನಿಮಿಷದೊಳಗೆ ಸೋಲುತ್ತೀರಿ, ಸೋಲಬೇಕಾದದ್ದೇ. ಎರಡನೇ ಸಲ ಪಿಯಾನೊದ ಮರುಕಳಿಸುವ ಮಟ್ಟನ್ನು ಹಿಡಿದು, ಕೈಯಲ್ಲಿ ತಕಿಟ ತಕಿಟ ತಕ ಹಾಕಿ ಎಲ್ಲಿ ಕೂಡುತ್ತದೆ ಎಂದು ನೋಡಿ.

‘ಎನ್‌ಕ್ರಿಪ್ಷನ್’ ಮತ್ತು ‘ದಿ ಕಾರೊನೇಷನ್ ಆಫ್ ಎಕ್ಸ್. ಅಟುಂಡೆ ಅಜುವಾ’ ಕೊಳಲಿಗಾಗಿ ಕೇಳಬೇಕಾದವು. ಜಾಝ್‌ನ ಕೊಡುಕೊಳೆ ಈ ಆಲ್ಬಂನಲ್ಲಿ ಅತ್ಯಂತ ಬಿಸಿಯಾಗಿರುವುದು ಇವುಗಳಲ್ಲಿ. ಸಾರಾ ಎಲಿಜಬೆತ್ ಚಾರ್ಲ್ಸ್ ಹಾಡಿರುವ ‘ಫೇಸಸ್’ ತಣ್ಣಗಿದೆ, ನಡುವಿನ ಬಿಡುವು. ‘ರೈಸ್ ಅಗೈನ್’ನ ಆಲ್ಮೋಸ್ ರೀಮಿಕ್ಸ್ ಮಾತ್ರ ಮೇಲೆ ಹೇಳಿದ ಅಂಟಿಸುವ ಜಾತಿಗೆ ಹತ್ತಿರ ಹೋಗುತ್ತದೆ, ಬಿಟ್ಟರೂ ನಷ್ಟವಿಲ್ಲ.

ಇದು ಹಿಡಿಸಿದರೆ ಮುಂದೆ ‘ಡಯಾಸ್ಪೊರಾ’, ಅದು ಮೂರರಲ್ಲಿ ಹೆಚ್ಚು ಹಾಡಿನಂಥದ್ದು. ಮೂರನೆಯದರಲ್ಲಿ ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ‘ವಿಡಿಯೊಟೇಪ್’ ಹಾಡಿನ ರೂಪಾಂತರವಿದೆ. ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡದ್ದೂ ಆ ಮೂರನೇ ಆಲ್ಬಂ. ಹಿಂದಕ್ಕೆ ಹೋಗುವುದಾದರೆ 2015ರ ‘ಸ್ಟ್ರೆಚ್ ಮ್ಯೂಸಿಕ್’. ಜಾಝ್ ಅನ್ನು ಬದಲಿಸುತ್ತಿಲ್ಲ, ಬೇರೆ ಸಂಗೀತಗಳೂ ಹಿಡಿಸುವಂತೆ ಎಳೆದು ಹಿಗ್ಗಿಸುತ್ತಿದ್ದೇನೆ ಎಂಬುದು ಅವರ ವಾದ, ಆಲ್ಬಂನ ಹೆಸರೂ ಅದೇ. ಅದರ ಜೊತೆಗೆ ಬಂದ ಆ್ಯಪ್‌ನಲ್ಲಿ ಕೇಳುಗರು ಒಂದೊಂದೇ ವಾದ್ಯವನ್ನು ಆರಿಸಿ ಕೇಳಬಹುದಿತ್ತು, ಬೇಡವಾದದ್ದರ ಬಾಯಿ ಮುಚ್ಚಿಸಿ ಆ ಜಾಗದಲ್ಲಿ ತಾವೇ ನುಡಿಸಬಹುದಿತ್ತು.

ಅಲ್ಲಿಂದ ಮುಂದೆ ಅವರು ಡೋಲಿನ ಕಡೆಗೇ ಸರಿದರು. ಈಗ ಚೀಫ್ ಶಿಯಾನ್ ಅಟುಂಡೆ ಅಜುವಾ ಎಂಬ ಹೆಸರಿನಲ್ಲಿ 2023ರಲ್ಲಿ ಹೊರತಂದ ಆಲ್ಬಂನಲ್ಲಿ ಟ್ರಂಪೆಟ್ ಇಲ್ಲ. ಅವರು ಹಾಡುತ್ತಾರೆ, ಮತ್ತು ಪಶ್ಚಿಮ ಆಫ್ರಿಕದ ಕೋರಾ, ಎನ್‌ಗೋನಿ ವಾದ್ಯಗಳ ಮಾದರಿಯಲ್ಲಿ ತಾವೇ ರೂಪಿಸಿಕೊಂಡ ತಂತಿವಾದ್ಯವನ್ನು ಮೀಟುತ್ತಾರೆ.